ನರ್ಸಮ್ಮನ ಚೌಕಾಸಿ

ಟಿಕ್. ಟಿಕ್. ಟಿಕ್.

ಅತ್ತಿಗೆ ಮಲಗುವ ಮುಂಚೆ ಅವರ ಕೋಣೆಯಿಂದ ಪ್ರತಿ ರಾತ್ರಿ ಆ ಸದ್ದು ಬರುತ್ತಿತ್ತು. ಇನ್ಸುಲಿನ್ ಪೆನ್ನಿನ ತುದಿಯನ್ನು ತಿರುಗಿಸಿದರೆ ಒಂದೊಂದು ಅಂಕಿಗೆ ಒಂದೊಂದು ಟಿಕ್. ಡಾಕ್ಟರು ಬರೆದುಕೊಟ್ಟದ್ದು ಹದಿನೆಂಟು. ನಡುವೆ ಇದ್ದದ್ದು ತೆಳು ಹಲಗೆಯ ಗೋಡೆ. ಪಟ್ಟಿಯಮ್ಮ ಎಣಿಕೆಯ ಕೆಲಸದವಳು, ಬೇಡವೆಂದರೂ ಅವಳ ತಲೆ ಎಣಿಸುತ್ತದೆ. ಆ ರಾತ್ರಿ ಹನ್ನೆರಡಕ್ಕೆ ಸದ್ದು ನಿಂತಿತು.

ಅವಳು ಕಾದಳು. ಹದಿಮೂರು ಬರಲಿಲ್ಲ.

"ಅತ್ತಿಗೆ, ಹದಿನೆಂಟು ಆಯ್ತಾ?"

"ಆಯ್ತು ಕಣೇ, ಮಲ್ಕೋ. ಬೇರೆಯವ್ರ ಮನೆ ಗೋಡೆಗೆ ಬರೀ ಕಿವಿ ಇರುತ್ತೆ, ನಮ್ಮನೆ ಗೋಡೆಗೆ ಬಾಯಿನೂ ಇದೆ."

ದೀಪ ಆರಿತು. ಪಟ್ಟಿಯಮ್ಮ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದಳು. ಅತ್ತಿಗೆ ಔಷಧ ಉಳಿಸುತ್ತಿದ್ದಾರೆ. ತಿಂಗಳಿಗೆ ಬರಬೇಕಾದ ಪೆನ್ನುಗಳನ್ನು ಒಂದೂವರೆ ತಿಂಗಳಿಗೆ ಎಳೆಯುತ್ತಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿರುತ್ತಾರೆ. ಅವಳನ್ನು ಯಾರೂ ಕಳ್ಳಿ ಎಂದಿರಲಿಲ್ಲ, ಆದರೂ ಎರಡು ತಿಂಗಳಿನಿಂದ ಅವಳ ಕೈ ಹೆಗಲ ಮೇಲೆಯೇ ಇತ್ತು.

ಪಟ್ಟಿಯಮ್ಮ ಎನ್ನುವುದು ಪೇಟೆಯವರು ಇಟ್ಟ ಹೆಸರು. ಅಂಕಿ-ಅಂಶಗಳ ಕಚೇರಿಯಲ್ಲಿ ಬೆಲೆ ಬರೆದುಕೊಂಡು ಬರುವುದು ಅವಳ ಕೆಲಸ. ದೇಶದ ಏಳು ಊರುಗಳಿಗೆ ಏಳು ಜನ, ಈ ಊರು ಅವಳ ಪಾಲಿನದು. ಪ್ರಪಂಚದ ದೇಶಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಯಾರು ಬಡವರು, ಯಾರು ಉಳ್ಳವರು ಎಂದು ಅಳೆಯುವ ದೊಡ್ಡ ಲೆಕ್ಕವೊಂದು ನಡೆಯುತ್ತಿತ್ತು. ಬರೀ ಸಂಬಳ ಹೋಲಿಸಿದರೆ ಸಾಲದು. ಆ ಸಂಬಳಕ್ಕೆ ಅಲ್ಲಿ ಎಷ್ಟು ಟೊಮೆಟೊ ಬರುತ್ತದೆ, ಇಲ್ಲಿ ಎಷ್ಟು ಬರುತ್ತದೆ ಎಂದೂ ನೋಡಬೇಕು. ಸಾಮಾನು ಅಗ್ಗವಾಗಿದ್ದರೆ ಅದೇ ಸಂಬಳದಲ್ಲಿ ಹೆಚ್ಚು ಕೊಳ್ಳಬಹುದು, ಆಗ ಆ ದೇಶ ಒಂದು ಮೆಟ್ಟಿಲು ಮೇಲೆ. ತುಟ್ಟಿಯಾಗಿದ್ದರೆ ಒಂದು ಮೆಟ್ಟಿಲು ಕೆಳಗೆ. ಅದಕ್ಕೆಂದೇ ಎಲ್ಲ ದೇಶಗಳಲ್ಲೂ ಒಂದೇ ವರ್ಷ, ಒಂದೇ ನಮೂನೆಯ ಮುನ್ನೂರು ಬಾಬತ್ತುಗಳ ಬೆಲೆ ಬರೆದುಕೊಳ್ಳುತ್ತಿದ್ದರು: ಹಿಡಿಕೆಯಿರುವ ಹತ್ತು ಲೀಟರಿನ ಪ್ಲಾಸ್ಟಿಕ್ ಬಕೆಟ್ಟು, ಉದ್ದ ತೋಳಿನ ಹತ್ತಿ ಅಂಗಿ, ಗಂಡಸರ ಬೂಟಿಗೆ ಹೊಸ ಅಟ್ಟೆ ಹೊಲಿಯುವ ಕೂಲಿ, ಹೀಗೆ.

ಪಟ್ಟಿ ಹಿಡಿದು ಬಂದವಳಿಗೆ ಯಾರು ನಿಜ ಹೇಳುತ್ತಾರೆ? ತೆರಿಗೆಯವಳು ಎಂದುಕೊಂಡ ಒಬ್ಬ ಬಕೆಟ್ಟಿಗೆ ಹತ್ತು ಎಂದ. ಪೆದ್ದು ಗಿರಾಕಿ ಎಂದುಕೊಂಡ ಪಕ್ಕದವನು ಮೂವತ್ತು ಎಂದ. ಕಚೇರಿಯ ಕೈಪಿಡಿಯಲ್ಲಿ ಒಂದು ಸಾಲಿತ್ತು: ಚೌಕಾಸಿ ನಡೆಯುವ ಕಡೆ ಮೊದಲು ಹೇಳಿದ ಬೆಲೆ ಬೇಡ, ಚೌಕಾಸಿ ಮುಗಿದ ಮೇಲಿನ ಬೆಲೆ ಬರೆಯಿರಿ. ಅದರ ಕೆಳಗೆ ಇನ್ನೊಂದು ಸಾಲು: ಸಾಮಾನ್ಯ ಗಿರಾಕಿ ಕೊಡುವ ಬೆಲೆಯನ್ನೇ ಬರೆಯಿರಿ. ಮೊದಲ ಸಾಲಿನಡಿ ಅವಳು ಪೆನ್ಸಿಲಿನಿಂದ ಗೆರೆ ಎಳೆದಳು. ಎರಡನೆಯದನ್ನೂ ಓದಿದಳು. ಗೆರೆ ಎಳೆಯಲಿಲ್ಲ.

ಚೌಕಾಸಿ ಅವಳಿಗೆ ಒಲಿಯದ ವಿದ್ಯೆ. ಆದರೆ ಮನೆಯಲ್ಲೇ ಒಬ್ಬರು ಪಂಡಿತರಿದ್ದರು. ಅಣ್ಣ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದದ್ದು ಅವಳು ಮತ್ತು ಅತ್ತಿಗೆ. ಅತ್ತಿಗೆ ಊರ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಲವತ್ತು ವರ್ಷ ನರ್ಸಾಗಿದ್ದು ನಿವೃತ್ತಿಯಾದವರು. ಊರಿಗೆಲ್ಲ ನರ್ಸಮ್ಮ. ಅವರು ಚೌಕಾಸಿಗೆ ಇಳಿದರೆಂದರೆ ಅಕ್ಕಪಕ್ಕದ ಅಂಗಡಿಯವರು ವ್ಯಾಪಾರ ಬಿಟ್ಟು ನೋಡಲು ನಿಲ್ಲುತ್ತಿದ್ದರು. "ನನ್ನ ಜೊತೆ ಒಂದು ಸುತ್ತು ಬರ್ತೀರಾ ಅತ್ತಿಗೆ?" ಎಂದು ಪಟ್ಟಿಯಮ್ಮ ಕೇಳಿದ್ದೇ ತಡ, ಅವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿದ್ದರು.

"ಈ ಬಕೆಟ್ ಎಷ್ಟಯ್ಯಾ?"

"ಇಪ್ಪತ್ತೆರಡು ನರ್ಸಮ್ಮ."

"ಇಪ್ಪತ್ತೆರಡಾ! ಇದ್ರ ತುಂಬ ಹಾಲು ಹಾಕಿ ಕೊಡ್ತೀಯೇನು?"

"ಅಸಲೇ ಹತ್ತೊಂಬತ್ತು ಬಿದ್ದಿದೆ, ನಿಮ್ಮಾಣೆ."

"ನನ್ನ ಆಣೆ ಯಾಕೆ ಹಾಕ್ತೀಯ, ನಿನ್ನ ಬಕೆಟ್ಟಿನ ಆಣೆ ಹಾಕು. ಹದಿನಾಲ್ಕು."

"ಹೊಟ್ಟೆ ಮೇಲೆ ಹೊಡೀಬೇಡಿ ತಾಯಿ."

"ಆ ಹೊಟ್ಟೆ ಮೇಲೆ ಹೊಡೆದ್ರೆ ನನ್ನ ಕೈಯೇ ನೋಯೋದು. ಹದಿನಾಲ್ಕಕ್ಕೆ ಕೊಡ್ತೀಯೋ, ಎದುರುಗಡೆ ಹೋಗ್ಲೋ?"

ಬಕೆಟ್ಟಿನವನು ಹಣೆಯ ಬೆವರು ಒರೆಸಿಕೊಂಡು, ಆಕಾಶ ನೋಡಿ, ಸೋತವನ ಮುಖ ಮಾಡಿ ಬಕೆಟ್ಟನ್ನು ಮುಂದಕ್ಕೆ ತಳ್ಳುತ್ತಿದ್ದ. ಅತ್ತಿಗೆ ಯುದ್ಧ ಗೆದ್ದ ರಾಣಿಯಂತೆ ತಿರುಗಿ, "ಬರ್ಕೋ" ಎನ್ನುತ್ತಿದ್ದರು. ಪಟ್ಟಿಯಮ್ಮ ಬರೆದುಕೊಳ್ಳುತ್ತಿದ್ದಳು. ಆ ವರ್ಷ ಮನೆಯಲ್ಲಿ ಬಕೆಟ್ಟುಗಳೇ ಐದಾದವು.

ಮೂರನೇ ತಿಂಗಳು ಒಂದು ಮಧ್ಯಾಹ್ನ ಅತ್ತಿಗೆ ತರಕಾರಿ ಸಾಲಿನಲ್ಲಿ ಹಿಂದುಳಿದಿದ್ದಾಗ, ಮೂಲೆಯಲ್ಲಿ ಕೂತು ಬೂಟು ಹೊಲಿಯುವ ಮುದುಕ ಪಟ್ಟಿಯಮ್ಮನನ್ನು ಹತ್ತಿರ ಕರೆದ.

"ನೀವು ಬರ್ಕೊಂಡು ಹೋಗ್ತೀರಲ್ಲ, ಅದು ಎಲ್ಲಿಗೆ ಹೋಗುತ್ತೆ?"

"ದೊಡ್ಡ ಲೆಕ್ಕಕ್ಕೆ. ಬೇರೆ ದೇಶದ ಬೆಲೆ ಜೊತೆ ನಮ್ಮದನ್ನ ಹೋಲಿಸ್ತಾರೆ."

"ಹಾಗಾದ್ರೆ ನನ್ನದು ಬರೀಬೇಡಿ. ಅಟ್ಟೆ ಹೊಲಿಯೋಕೆ ನಾನು ಹದಿನೈದು ತಗೊಳ್ಳೋದು. ಎಂಟು ಅಂದಿದ್ದು ನರ್ಸಮ್ಮಂಗೆ."

"ಅವ್ರು ಚೌಕಾಸಿ ಮಾಡಿದ್ರಲ್ಲ?"

ಮುದುಕ ಬಾಯಲ್ಲಿದ್ದ ದಾರವನ್ನು ತೆಗೆದು ನಕ್ಕ. "ನನ್ನ ಎರಡನೇ ಮಗು ಹೊಟ್ಟೇಲಿ ಅಡ್ಡ ತಿರುಗಿತ್ತಮ್ಮ. ಒಂದು ಹಗಲು ಒಂದು ರಾತ್ರಿ ನಿಂತ್ಕೊಂಡೇ ಇಬ್ಬರನ್ನೂ ಉಳಿಸಿದ್ರು. ಒಂದು ಬಟ್ಟೆ ಕೊಡೋಕೆ ಹೋದ್ರೆ ಬೈದು ಕಳಿಸಿದ್ರು. ಯಾರ ಹತ್ರಾನೂ ಒಂದು ಹಣ್ಣೂ ಮುಟ್ಟಿದೋರಲ್ಲ ಆಯಮ್ಮ. ಋಣ ತೀರಿಸೋದು ಹೇಗೆ ಹೇಳಿ? ಅದಕ್ಕೇ ಚೌಕಾಸೀಲಿ ಸೋಲ್ತೀವಿ. ಇಡೀ ಪೇಟೆ ಹಾಗೇ. ಆ ಬಕೆಟ್ಟಿನೋನು ಬೆವರು ಒರೆಸ್ಕೊಳ್ತಾನಲ್ಲ, ಅದು ನಾನು ಹೇಳ್ಕೊಟ್ಟ ಪಾಠ. ಅವನ ಮೂರೂ ಮಕ್ಕಳು ನರ್ಸಮ್ಮನ ಕೈಯಲ್ಲೇ ಹುಟ್ಟಿದ್ದು."

ಪಟ್ಟಿಯಮ್ಮ ಪೆನ್ನಿನ ಮುಚ್ಚಳ ಹಾಕಿದಳು.

"ಅವ್ರಿಗೆ ಮಾತ್ರ ಗೊತ್ತಾಗ್ಬಾರ್ದು ಕಣಮ್ಮ," ಎಂದ ಮುದುಕ. "ಗೊತ್ತಾದ ದಿನವೇ ಪೇಟೆಗೆ ಬರೋದು ಬಿಡ್ತಾರೆ. ಮನೆಯಿಂದಾನೂ ಹೊರಗೆ ಬರಲ್ಲ."

ಅದೂ ನಿಜವೇ. ನೆರೆಮನೆಯಿಂದ ಒಂದು ಬಟ್ಟಲು ಸಕ್ಕರೆ ತಂದರೆ ಎರಡು ಬಟ್ಟಲು ತಿರುಗಿಸುವ ಹೆಂಗಸು ಅವರು.

ಆ ಸಂಜೆ ಪಟ್ಟಿಯಮ್ಮ ಮೇಜಿನ ಮುಂದೆ ಕೂತಳು. ಅಟ್ಟೆಯ ಸಾಲಿನಲ್ಲಿ ಎಂಟು ಎಂದಿತ್ತು. ಹೊಡೆದು ಹಾಕಿ ಹದಿನೈದು ಬರೆಯಬಹುದಿತ್ತು. ಆದರೆ ಹಿಂದಿನ ಎರಡು ತಿಂಗಳ ಹಾಳೆಗಳು ಆಗಲೇ ಕಚೇರಿ ಸೇರಿದ್ದವು. ಈಗ ಏಕಾಏಕಿ ಬೆಲೆ ಏರಿದರೆ ಯಾಕೆಂದು ಕೇಳುತ್ತಾರೆ. ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ ಎನ್ನಬೇಕಾಗುತ್ತದೆ. ಅವಳದು ವರ್ಷ ವರ್ಷಕ್ಕೂ ನವೀಕರಿಸುವ ಕೆಲಸ. ಇನ್ನೂ ಒಂದು ವಿಷಯವಿತ್ತು, ಅದನ್ನು ತನ್ನೊಳಗೇ ಹೇಳಿಕೊಳ್ಳಲು ಅವಳಿಗೆ ನಾಚಿಕೆ. ಬೇರೆ ಊರುಗಳ ಹಾಳೆಯಲ್ಲಿ ಒಂದೇ ಬಕೆಟ್ಟಿಗೆ ಮೂರು ಅಂಗಡಿಯಲ್ಲಿ ಮೂರು ಬೆಲೆ. ಅವಳ ಹಾಳೆಯಲ್ಲಿ ಹದಿನಾಲ್ಕು, ಹದಿನಾಲ್ಕು, ಹದಿನೈದು. "ಬೆಲೆ ತರೋದು ಅಂದ್ರೆ ಹೀಗೆ" ಎಂದು ನಿರ್ದೇಶಕರು ಎಲ್ಲರೆದುರು ಅವಳ ಹಾಳೆ ಎತ್ತಿ ತೋರಿಸಿದ್ದರು. ಹೊಗಳಿಕೆ ಅವಳ ಪಾಲಿಗೆ ಅಪರೂಪದ ಸರಕು. ಅವಳು ಎಂಟನ್ನು ಎಂಟಾಗಿಯೇ ಬಿಟ್ಟಳು. ಉಳಿದ ಒಂಬತ್ತು ತಿಂಗಳೂ ಅತ್ತಿಗೆಯನ್ನು ಕರೆದುಕೊಂಡು ಹೋದಳು.

ಮರುವರ್ಷ ಆ ದೊಡ್ಡ ಲೆಕ್ಕದ ಕೋಷ್ಟಕ ಹೊರಬಂತು. ದೇಶ ಬಡದೇಶಗಳ ಗೆರೆಯನ್ನು ಕೂದಲೆಳೆಯಷ್ಟು ದಾಟಿತ್ತು. ಕಚೇರಿಯಲ್ಲಿ ಸಿಹಿ ಹಂಚಿದರು. ನಿರ್ದೇಶಕರು ಗೋಡೆಯ ಮೇಲೆ ಎರಡು ಗೆರೆಗಳ ಚಿತ್ರ ತೋರಿಸಿ ಮಾತಾಡಿದರು.

"ಅರವತ್ತು ವರ್ಷದ ಹಿಂದೆ ನಾವೂ ಕಡಲಾಚೆಯವ್ರೂ ಒಂದೇ ಮೆಟ್ಟಿಲ ಮೇಲೆ ಕೂತಿದ್ವಿ. ಅವ್ರು ವರ್ಷಕ್ಕೆ ನೂರಕ್ಕೆ ನಾಲ್ಕರ ಹಾಗೆ ಬೆಳೆದ್ರು, ನಾವು ಒಂದೂವರೆ. ಎರಡೂವರೆ ಏನು ಮಹಾ ಅನ್ಸುತ್ತೆ, ಅಲ್ವಾ? ಇವತ್ತು ಅಲ್ಲಿ ಒಬ್ಬನ ಆದಾಯ ಇಲ್ಲಿ ನಾಲ್ಕು ಜನರದ್ದು. ಆಮೆ-ಮೊಲದ ಕಥೇಲಿ ಮೊಲ ನಿದ್ದೆ ಮಾಡದೇ ಹೋದ್ರೆ ಹೀಗೇ ಆಗೋದು. ಆದ್ರೆ ಈ ಸಲ ನೋಡಿ, ನಾಲ್ಕು ವರ್ಷದ ದಾರೀನ ನಾವು ಒಂದೇ ವರ್ಷದಲ್ಲಿ ನಡೆದಿದ್ದೀವಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಪಟ್ಟಿಯಮ್ಮನೂ ತಟ್ಟಿದಳು. ಈ ಪೇಟೆಯಲ್ಲಿ ಯಾರ ಕೂಲಿಯೂ ಏರಿರಲಿಲ್ಲ, ಒಂದು ಹೊಸ ಕಾರ್ಖಾನೆಯೂ ಬಂದಿರಲಿಲ್ಲ. ದೇಶ ಒಂದು ಹೆಜ್ಜೆಯನ್ನೂ ಹೆಚ್ಚಿಗೆ ಇಟ್ಟಿರಲಿಲ್ಲ. ಅಳೆದವಳ ಟೇಪು ಮೊಟಕಾಗಿತ್ತು.

ಒಂದು ತಿಂಗಳಾದ ಮೇಲೆ ಔಷಧದಂಗಡಿಯ ಗಾಜಿಗೆ ಒಂದು ಚೀಟಿ ಅಂಟಿಸಿದ್ದರು. ಇನ್ಸುಲಿನ್ ಮಾಡುವ ವಿದೇಶಿ ಕಂಪನಿ ಗೆರೆಯ ಕೆಳಗಿನ ದೇಶಗಳಿಗೆ ಮಾತ್ರ ರಿಯಾಯಿತಿ ಕೊಡುತ್ತಿತ್ತು. ಗೆರೆ ದಾಟಿದ್ದೀರಿ, ಇನ್ನು ಮೂರು ಪಟ್ಟು ಬೆಲೆ ಎಂದಿತ್ತು ಅದರಲ್ಲಿ. ಅತ್ತಿಗೆ ಸೊಂಟ ಕಟ್ಟಿ ಚೌಕಾಸಿಗೆ ನಿಂತರು. ಅಂಗಡಿಯ ಹುಡುಗಿ ಬೇರೆ ಊರಿನವಳು. ಅವಳನ್ನು ಇನ್ಯಾವುದೋ ಆಸ್ಪತ್ರೆಯಲ್ಲಿ ಇನ್ಯಾರೋ ಎತ್ತಿಕೊಂಡಿದ್ದರು.

"ಅಜ್ಜೀ, ಇದು ಔಷಧ. ಬದನೆಕಾಯಿ ಅಲ್ಲ," ಎಂದಳು ಅವಳು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಅತ್ತಿಗೆ ಸರಸರನೆ ಮನೆಗೆ ನಡೆದರು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ನಲವತ್ತು ವರ್ಷದಲ್ಲಿ ನಾನು ಸೋತು ಬಂದಿದ್ದು ಇದೇ ಮೊದಲು ಕಣೇ. ನಾಲಿಗೆಗೂ ವಯಸ್ಸಾಯ್ತು ಅಂತ ಕಾಣುತ್ತೆ," ಎಂದರು. ಪಟ್ಟಿಯಮ್ಮ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಏನೂ ತೊಳೆಯದೆ ನಿಂತಳು. ತನ್ನ ಸಂಬಳದಲ್ಲಿ ಪೆನ್ನು ಕೊಂಡು ತಂದರೆ ಅತ್ತಿಗೆ ಪಿಂಚಣಿಯ ನೋಟುಗಳನ್ನು ಅವಳ ತಲೆದಿಂಬಿನ ಕೆಳಗೆ ಇಟ್ಟುಬಿಡುತ್ತಿದ್ದರು.

ಹನ್ನೆರಡು ಟಿಕ್ ಕೇಳಿದ ರಾತ್ರಿ ಕಳೆದು ಬೆಳಗಾಯಿತು. ಪಟ್ಟಿಯಮ್ಮ ನೇರ ನಿರ್ದೇಶಕರ ಕೋಣೆಗೆ ಹೋದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು, ಬೂಟಿನ ಮುದುಕ ಹೇಳಿದ್ದನ್ನೂ, ಆಮೇಲೆ ತಾನು ಸುಮ್ಮನಿದ್ದದ್ದನ್ನೂ.

ನಿರ್ದೇಶಕರು ಮೊದಲು ನಕ್ಕರು. "ಒಬ್ರು ನರ್ಸಮ್ಮ ಇಡೀ ದೇಶಾನೇ ಮೇಲಕ್ಕೆ ಎತ್ತಿಬಿಟ್ರು ಅಂತೀರಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಏಳು ಊರಲ್ಲಿ ನಿಮ್ಮದೊಂದು. ಸಮುದ್ರಕ್ಕೆ ಒಂದು ಚಮಚ ಉಪ್ಪು ಹಾಕಿ, ನನ್ನಿಂದ್ಲೇ ಉಪ್ಪಾಯ್ತು ಅಂದ ಹಾಗಾಯ್ತು." ಅವಳ ಸಮಾಧಾನಕ್ಕೆಂದೇ ಕಂಪ್ಯೂಟರಿನಲ್ಲಿ ಅವಳ ಊರಿನ ಸಾಲುಗಳನ್ನು ತೆಗೆದು ಲೆಕ್ಕವನ್ನು ಮತ್ತೆ ಓಡಿಸಿದರು.

ಪರದೆಯ ಮೇಲೆ ಅಂಕಿ ಬಂತು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಇನ್ನೊಮ್ಮೆ ಓಡಿಸಿದರು. ಅದೇ ಅಂಕಿ. ದೇಶ ಗೆರೆಯ ಕೆಳಗಿತ್ತು.

ಪಕ್ಕದ ಕೋಣೆಯಲ್ಲಿ ಯಾರೋ ಹಾಳೆಗಳಿಗೆ ಮೊಹರು ಒತ್ತುತ್ತಿದ್ದರು.

"ಮಂತ್ರಿಗಳು ಭಾಷಣ ಮಾಡಿಯಾಯ್ತು," ಎಂದರು ನಿರ್ದೇಶಕರು ಕೊನೆಗೆ. "ತಿದ್ದುಪಡಿಗೆ ಇನ್ನು ಒಂಬತ್ತು ದಿನ ಇದೆ. ಸುಮ್ನಿದ್ರೆ ಒಂಬತ್ತು ದಿನ ಕಳೀತದೆ, ಅಷ್ಟೇ."

"ಸುಮ್ನಿರದೇ ಇದ್ರೆ ಸಾರ್?"

ಅವರು ಡ್ರಾಯರಿನಿಂದ ಒಂದು ನಮೂನೆ ತೆಗೆದು ಮೇಜಿನ ಮೇಲಿಟ್ಟರು. ಕಾರಣಕ್ಕೆ ಗುರುತು ಹಾಕಲು ನಾಲ್ಕು ಚೌಕದ ಮನೆಗಳಿದ್ದವು. ನಕಲು ಮಾಡುವಾಗಿನ ತಪ್ಪು. ಬಾಬತ್ತು ಅದಲುಬದಲು. ಬೆಲೆ ಬರೆದವರ ದುರ್ನಡತೆ. ಇತರೆ.

"ನೀವು ಹೇಳಿದ್ದು 'ಇತರೆ'ಗೆ ಬರುತ್ತೆ. ಋಣ ಅಂತ ಬೇರೆ ಮನೆ ಇಲ್ಲ ಇದ್ರಲ್ಲಿ. 'ಇತರೆ' ಅಂದ್ರೆ ವಿಚಾರಣೆ ಆಗ್ಬೇಕು. ನಿಮ್ಮ ಅತ್ತಿಗೇನ ಕರೆಸ್ಬೇಕು, ಅಂಗಡಿಯವ್ರನ್ನ ಕರೆಸ್ಬೇಕು, ಎದುರುಬದುರು ಕೂರ್ಸಿ ಹೇಳಿಕೆ ಬರ್ಸ್ಕೋಬೇಕು, ಈಯಮ್ಮಂಗೆ ಯಾಕೆ ಕಡಿಮೆಗೆ ಕೊಟ್ರಿ ಅಂತ."

ಪಟ್ಟಿಯಮ್ಮನಿಗೆ ಆ ಕೋಣೆ ಕಣ್ಣಿಗೆ ಕಟ್ಟಿತು. ಬೆಂಚಿನ ಮೇಲೆ ಬಕೆಟ್ಟಿನವನು, ಬೂಟಿನ ಮುದುಕ, ಅಂಗಡಿಸಾಲಿನ ಅಷ್ಟೂ ಜನ. ಎದುರಿನ ಕುರ್ಚಿಯಲ್ಲಿ ಅತ್ತಿಗೆ. ನಲವತ್ತು ವರ್ಷ ಗೆದ್ದೆ ಎಂದುಕೊಂಡದ್ದೆಲ್ಲ ದಾನವಾಗಿತ್ತು ಎಂದು ಒಬ್ಬೊಬ್ಬರೂ ಎದ್ದು ನಿಂತು ಹೇಳುತ್ತಿದ್ದಾರೆ. ಅತ್ತಿಗೆ ಕೊನೆಯವರೆಗೂ ಕೇಳುತ್ತಾರೆ. ಸೆರಗು ಸರಿಮಾಡಿಕೊಂಡು ಎದ್ದು ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಇನ್ನೊಂದು ಕಡೆ, ಹಲಗೆಯ ಗೋಡೆಗಳಾಚೆ ಹದಿನೆಂಟಕ್ಕೆ ಹೋಗದೆ ನಿಲ್ಲಿಸುವ ಇನ್ನೆಷ್ಟೋ ಮನೆಗಳು. ಅವುಗಳ ಎಣಿಕೆ ಅವಳಲ್ಲಿರಲಿಲ್ಲ.

"ಮೂರನೇದು ಬರೆದ್ರೆ?"

ನಿರ್ದೇಶಕರು ಅವಳ ಮುಖ ನೋಡಿದರು. "ಅದಕ್ಕೆ ನಿಮ್ಮದೊಂದೇ ಹೇಳಿಕೆ ಸಾಕು. ನಿಮ್ಮ ಊರನ್ನ ಕೈಬಿಟ್ಟು ಆರು ಊರಿನ ಲೆಕ್ಕ ಕಳಿಸ್ತೀವಿ. ನಿಮ್ಮ ಕೆಲಸ ಉಳಿಯಲ್ಲ. ಬೇರೆ ಯಾವ ಕಚೇರೀನೂ ತಗೊಳ್ಳಲ್ಲ." ನಮೂನೆಯ ಮೇಲೆ ಒಂದು ಪೆನ್ನು ಇಟ್ಟು, "ನಾನು ಟೀ ಕುಡಿದು ಬರ್ತೀನಿ. ನಾನು ಬರೋ ಹೊತ್ತಿಗೆ ಈ ಹಾಳೆ ಮೇಜಿನ ಮೇಲೆ ಇರ್ಬಹುದು, ಡ್ರಾಯರಲ್ಲೂ ಇರ್ಬಹುದು," ಎಂದು ಎದ್ದು ಹೋದರು.

ಅವಳು ಮೂರನೆಯ ಮನೆಗೆ ಗುರುತು ಹಾಕಿದಳು. ಕೆಳಗೆ ಬರೆದಳು: "ಅಂಗಡಿಯವರು ಹೇಳಿದ ಬೆಲೆಗಳನ್ನು ನಾನೇ ಇಳಿಸಿ ಬರೆದಿದ್ದೇನೆ. ಬೇಗ ಮುಗಿಸಿ ಒಳ್ಳೆಯ ಹೆಸರು ಪಡೆಯಲು ಹೀಗೆ ಮಾಡಿದೆ." ಎರಡನೆಯ ವಾಕ್ಯವನ್ನು ಇನ್ನೊಮ್ಮೆ ಓದಿದಳು. ಅದು ಸುಳ್ಳಾಗಿರಲಿಲ್ಲ.

ಸುದ್ದಿ ಕಾಲಿಲ್ಲದೆಯೂ ಓಡಿತು. ಮೂರನೇ ದಿನ ಅತ್ತಿಗೆ ಪೇಟೆಯಿಂದ ಬಂದವರೇ ಚೀಲವನ್ನು ನೆಲಕ್ಕೆ ಕುಕ್ಕಿದರು.

"ಬಕೆಟ್ಟಿಗೆ ಎಷ್ಟು ಬರೆದೆ?"

ಪಟ್ಟಿಯಮ್ಮ ಬಗ್ಗಿ, ಚೀಲದಿಂದ ಉರುಳಿದ ತರಕಾರಿ ಆರಿಸತೊಡಗಿದಳು.

"ಹೇಳೇ! ಇಪ್ಪತ್ತೆರಡನ್ನ ನಾನು ಹದಿನಾಲ್ಕಕ್ಕೆ ಇಳಿಸಿದ್ದು ಸಾಲ್ದು ಅಂತ ಇನ್ನೂ ಇಳಿಸಿ ಬರೆದ್ಯಾ? ಬಿಸಿಲಲ್ಲಿ ವರ್ಷಪೂರ್ತಿ ನಿನ್ನ ಹಿಂದೆ ಅಲೆದು ಗಂಟಲು ಹರ್ಕೊಂಡಿದ್ದು ಇದಕ್ಕಾ? ನಿನ್ನ ಅಣ್ಣ ಇದ್ದಿದ್ರೆ ಏನಂತಿದ್ದ?"

"ತಪ್ಪಾಯ್ತು ಅತ್ತಿಗೆ."

"ತಪ್ಪಾಯ್ತಂತೆ! ನಾನು ಆ ಜನರ ಮುಖ ಹೇಗೆ ನೋಡ್ಲಿ? ಬೆವರು ಸುರಿಸಿ ಒಂದೊಂದು ಕಾಸಿಗೂ ನನ್ನ ಹತ್ರ ಹೋರಾಡಿದೋರು ಅವ್ರು. ಅವ್ರ ಬೆಲೆಗಾದ್ರೂ ಒಂದು ಮರ್ಯಾದೆ ಬೇಡ್ವಾ?"

ಮರುದಿನ ಅತ್ತಿಗೆ ಅಂಗಡಿ ಅಂಗಡಿಗೆ ಹೋಗಿ ನಾದಿನಿಯ ಪರವಾಗಿ ಕ್ಷಮೆ ಕೇಳಿ ಬಂದರು. ಅಂಗಡಿಯವರು ತಲೆ ತಗ್ಗಿಸಿದರಂತೆ. ಅದನ್ನು ಅತ್ತಿಗೆ ಅವರ ಬೇಸರವೆಂದುಕೊಂಡರು. ಅದಾಗಿ ಎರಡು ವಾರ ಮನೆಯಲ್ಲಿ ಉಪ್ಪು ಬೇಕೇ ಸಾರು ಬೇಕೇ ಎನ್ನುವಷ್ಟೇ ಮಾತು.

ಹೊಸ ಕೋಷ್ಟಕ ಬಂತು. ದೇಶ ಗೆರೆಯ ಕೆಳಗೆ ಇಳಿಯಿತು. ಹೋಟೆಲಿನಲ್ಲಿ ಟೀ ಕುಡಿಯುತ್ತ ಒಬ್ಬ, "ಮೂರು ತಿಂಗಳು ಶ್ರೀಮಂತರಾಗಿದ್ವಿ, ಯಾರೋ ಒಬ್ಳು ಅದನ್ನೂ ಕಿತ್ಕೊಂಡ್ಲು," ಎಂದು ನಕ್ಕದ್ದು ಪಟ್ಟಿಯಮ್ಮನ ಕಿವಿಗೆ ಬಿತ್ತು. ತಲೆ ತಗ್ಗಿಸಿ ನಡೆದಳು. ಔಷಧದಂಗಡಿಯ ಚೀಟಿ ಹೋಯಿತು, ಬೆಲೆ ಇಳಿಯಿತು. ಆದರೆ ಅಷ್ಟರಲ್ಲಿ ಅತ್ತಿಗೆಯ ಬಲಗಣ್ಣು ಮಂಜಾಗತೊಡಗಿತ್ತು. ವಯಸ್ಸಿಗೆ ಹೀಗಾಗುತ್ತೆ ಎಂದರು ಡಾಕ್ಟರು. ಔಷಧ ಕಡಿಮೆಯಾಗಿ ಹೀಗಾಯಿತೇ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ.

ಅತ್ತಿಗೆಯ ಕಣ್ಣಿಗೆ ಹನಿ ತರಲು ಹೋದಾಗ ಬೂಟಿನ ಮುದುಕ ಅವಳನ್ನು ತಡೆದ.

"ನಾನು ಎಂಟು ಅಂದೆ, ನೀವು ಎಂಟೇ ಬರೆದ್ರಿ. ನಾನೇ ನೋಡಿದ್ದೀನಿ. ಅಂಕಿ ಓದೋಕೆ ಬರುತ್ತೆ ನಂಗೆ." ಅವನು ದನಿ ತಗ್ಗಿಸಿದ. "ನೀವು ಏನೂ ಇಳಿಸಿಲ್ಲ. ಮತ್ಯಾಕಮ್ಮ ಹಂಗೆ ಬರ್ಕೊಟ್ರಿ? ನರ್ಸಮ್ಮ ನಿಮ್ಮ ಬಗ್ಗೆ ಪೇಟೆ ತುಂಬ ಆಡ್ಕೊಂಡು ಅಳ್ತಾರೆ. ನಂಗಾದ್ರೂ ನಿಜ ಹೇಳಿ."

ಹೇಳಿಬಿಟ್ಟರೆ ಎದೆಯ ಅರ್ಧ ಭಾರ ಇಳಿಯುತ್ತಿತ್ತು. ಮುದುಕ ಒಳ್ಳೆಯವನು. ಒಳ್ಳೆಯವನಾದ್ದರಿಂದಲೇ, ಇಂದಲ್ಲ ನಾಳೆ, ಅತ್ತಿಗೆ ಅಳುವುದನ್ನು ನೋಡಲಾರದೆ ಬಾಯಿ ಬಿಡುತ್ತಾನೆ. ಅಲ್ಲದೆ, ತಾನು ಪೂರ್ತಿ ನಿರಪರಾಧಿ ಎಂದು ಅವನು ನಂಬಿಬಿಡುತ್ತಾನೆ. ಒಂಬತ್ತು ತಿಂಗಳು ಗೊತ್ತಿದ್ದೂ ಬರೆದ ಕೈ ಇದು.

"ನಿಮ್ಮದೊಂದು ಬಿಟ್ಟು ಮಿಕ್ಕಿದ್ದೆಲ್ಲ ಇಳಿಸಿದ್ದೆ," ಎಂದಳು ಪಟ್ಟಿಯಮ್ಮ.

ಮುದುಕ ಅವಳನ್ನೇ ನೋಡಿದ. ನಂಬಿದನೋ ಇಲ್ಲವೋ, ಮತ್ತೆ ಸೂಜಿ ಎತ್ತಿಕೊಂಡ. ರಸ್ತೆಯಾಚೆ ಅತ್ತಿಗೆ ಬದನೆಕಾಯಿಯವಳ ಮುಂದೆ ನಿಂತು, ಮಂಜುಗಣ್ಣಿನಿಂದ ತಕ್ಕಡಿಯನ್ನು ದಿಟ್ಟಿಸುತ್ತ, "ಆರಕ್ಕೆ ಕೊಡು, ಇಲ್ಲಾ ಬಿಡು!" ಎಂದು ಗದರುತ್ತಿದ್ದರು. ಆ ಧ್ವನಿ ಹಾಗೇ ಉಳಿಯಬೇಕಾದರೆ ಇದನ್ನು ಮುದುಕನಿಗಾಗಲಿ, ಅತ್ತಿಗೆಗಾಗಲಿ, ಸಾಯುವ ಹೊತ್ತಿನಲ್ಲಿ ಪಕ್ಕದಲ್ಲಿ ಕೂತವರಿಗಾಗಲಿ ಹೇಳಕೂಡದು. ಹೇಳುವುದಿಲ್ಲವೆಂದು ನಿಶ್ಚಯಿಸಿಕೊಂಡು ಅವಳು ರಸ್ತೆ ದಾಟಿದಳು.